ಮಾಲಿಗೂ ಉಂಟು ಗುರುತ್ವಾಕರ್ಷಣೆ

ಬಡಾವಣೆಯ ಮಾಲ್ ಸೊರಗತೊಡಗಿದರೆ ಮೊದಲು ಕತ್ತಲಾಗುವುದು ಮೇಲಿನ ಅಂತಸ್ತು. ಆಮೇಲೆ ಎಸ್ಕಲೇಟರ್ ನಿಲ್ಲುತ್ತದೆ, ಷಟರುಗಳ ಮೇಲೆ ‘ಬಾಡಿಗೆಗೆ ಇದೆ’ ಎಂಬ ಚೀಟಿ ಕಾಣುತ್ತದೆ. ಇದಕ್ಕೆಲ್ಲ ಆನ್‌ಲೈನ್ ಖರೀದಿಯೇ ಕಾರಣ ಎನ್ನುವುದು ಅರ್ಧ ಸತ್ಯ. ಇನ್ನರ್ಧ ಹೈಸ್ಕೂಲಿನ ಭೌತಶಾಸ್ತ್ರದಲ್ಲಿದೆ.

ರಾಶಿ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ದೂರ ಹೆಚ್ಚಿದರೆ ಅದರ ವರ್ಗಕ್ಕೆ ತಕ್ಕಂತೆ ಸೆಳೆತ ಕಡಿಮೆ. ನ್ಯೂಟನ್ನನ ಈ ನಿಯಮವನ್ನು 1931ರಲ್ಲಿ ಅಮೆರಿಕದ ವಿಲಿಯಂ ರೀಲಿ ಊರುಗಳ ವ್ಯಾಪಾರಕ್ಕೆ ಅನ್ವಯಿಸಿದರು. 1960ರ ದಶಕದಲ್ಲಿ ಡೇವಿಡ್ ಹಫ್ ಊರಿನ ಜನಸಂಖ್ಯೆಯ ಬದಲು ಅಂಗಡಿಯ ವಿಸ್ತೀರ್ಣವನ್ನೂ, ದೂರದ ಬದಲು ಪ್ರಯಾಣದ ಸಮಯವನ್ನೂ ಬಳಸಿದರು.

ಚಂದ್ರಾ ಲೇಔಟಿನ ಒಂದು ಮನೆಯನ್ನೇ ತೆಗೆದುಕೊಳ್ಳಿ. ಚಿಕ್ಕ ಮಾಲ್ 10 ನಿಮಿಷದ ದಾರಿ. ಅದರ ಒಂಬತ್ತು ಪಟ್ಟು ದೊಡ್ಡದು 30 ನಿಮಿಷದ ದಾರಿ ಎಂದಿಟ್ಟುಕೊಳ್ಳೋಣ. ಸಮಯ ಮೂರು ಪಟ್ಟು, ಅದರ ವರ್ಗ ಒಂಬತ್ತು, ಸೆಳೆತ ಸಮಸಮ. ಆ 30 ನಿಮಿಷ 20ಕ್ಕೆ ಇಳಿಯಲಿ, ದೊಡ್ಡದರ ಸೆಳೆತ ಎರಡೂಕಾಲು ಪಟ್ಟಾಗುತ್ತದೆ! ಚಿಕ್ಕ ಮಾಲಿನವರು ಯಾವ ತಪ್ಪೂ ಮಾಡಿಲ್ಲ, ಆದರೂ ಗಿರಾಕಿ ಹೋದ. ಅತ್ತಿಗುಪ್ಪೆಗೆ ಮೆಟ್ರೊ ಬಂದದ್ದು 2015ರಲ್ಲಿ. 2017ರಿಂದ ಮೆಜೆಸ್ಟಿಕ್ಕಿನಲ್ಲಿ ರೈಲು ಬದಲಿಸಿ ಮಂತ್ರಿ ಮಾಲ್, ಒರಾಯನ್ ಮಾಲ್‌ಗಳ ಕಡೆಗೆ ಹೋಗಬಹುದು.

ಹಾಗಾದರೆ ಸುಣ್ಣಬಣ್ಣ, ಹೊಸ ದೀಪ? ಅವು ಲೆಕ್ಕದ ಯಾವ ಅಂಕಿಯನ್ನೂ ಬದಲಿಸವು. ಆದರೆ ಹಫ್ ಅವರ ಸೂತ್ರದಲ್ಲಿ ಒಂದು ಸೂಕ್ಷ್ಮವಿದೆ. ಸಮಯದ ಘಾತ ಯಾವಾಗಲೂ ಎರಡೇ ಅಲ್ಲ, ಸರಕಿಗೆ ತಕ್ಕಂತೆ ಬದಲಾಗುತ್ತದೆ. ಮದುವೆ ಸೀರೆಗೆ ಚಿಕ್ಕಪೇಟೆಗೆ ಹೋಗುವ ತಾಯಿ ಕೊತ್ತಂಬರಿ ಸೊಪ್ಪಿಗೆ ಬೀದಿ ದಾಟಲೂ ಬೇಸರಿಸುತ್ತಾರೆ. ದಂತವೈದ್ಯ, ಟ್ಯೂಷನ್, ಗ್ರಂಥಾಲಯ, ವ್ಯಾಯಾಮಶಾಲೆ ಇವೆಲ್ಲ ಸೊಪ್ಪಿನ ಜಾತಿಗೇ ಸೇರಿದವು. ಹತ್ತಿರದ ಮಾಲ್ ಉಳಿಯಬೇಕಾದರೆ ಇಂಥವನ್ನೇ ನಂಬಬೇಕು.

ಅಮೆರಿಕದ ಮಿನೆಸೊಟಾ ರಾಜ್ಯದ ಸೌತ್‌ಡೇಲ್ ಇದಕ್ಕೆ ಉದಾಹರಣೆ. 1956ರಲ್ಲಿ ತೆರೆದ ಈ ಹವಾನಿಯಂತ್ರಿತ ಮಾಲಿನ ಸುತ್ತ ಮನೆ, ಶಾಲೆ, ಆಸ್ಪತ್ರೆ ಬರಬೇಕೆಂಬುದು ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ಅವರ ಕನಸಾಗಿತ್ತು. ಬಂದದ್ದು ಕಾರುಗಳ ಸಮುದ್ರ. ದೊಡ್ಡ ಮಳಿಗೆಯೊಂದು ಮುಚ್ಚಿದ ಜಾಗದಲ್ಲಿ 2019ರಲ್ಲಿ ವ್ಯಾಯಾಮಶಾಲೆ ತೆರೆಯಿತು. ಪಕ್ಕದಲ್ಲಿ ಮನೆಗಳೂ ಎದ್ದಿವೆ.

ನಮ್ಮಲ್ಲಿ ಬಿಡಿಎ ಹಿಡಿದ ದಾರಿ ಬೇರೆ. ವಿಜಯನಗರ, ಇಂದಿರಾನಗರ, ಕೋರಮಂಗಲ ಮುಂತಾದೆಡೆಯ ತನ್ನ ಹಳೆಯ ವಾಣಿಜ್ಯ ಸಂಕೀರ್ಣಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಹೊಸದಾಗಿ ಕಟ್ಟಿಸುವ ಯೋಜನೆ ಅದರದು. ಇಂದಿರಾನಗರದ ನಿವಾಸಿಗಳು ಮರ ಮತ್ತು ವಾಹನ ದಟ್ಟಣೆಯ ಪ್ರಶ್ನೆ ಎತ್ತಿ ವಿರೋಧಿಸಿದರು. ವಿಸ್ತೀರ್ಣ ಹೆಚ್ಚಿಸಿದರೆ ಸೆಳೆತ ಹೆಚ್ಚುವುದು ನಿಜ. ಆದರೆ ಅದರ ಬಾಡಿಗೆ ತೆರಲು ಸೊಪ್ಪಿನವಳಿಗೆ, ಜೆರಾಕ್ಸ್ ಅಂಗಡಿಯವನಿಗೆ ಸಾಧ್ಯವೇ?