ಲೇಸರ್ ಮಾಡಿಸಿದರೆ ಜೀವನಪೂರ್ತಿ ಕನ್ನಡಕ ಬೇಡವೇ?

‘ಕೆಲವೇ ನಿಮಿಷದ ಲೇಸರ್ ಚಿಕಿತ್ಸೆ, ಜೀವನಪೂರ್ತಿ ಕನ್ನಡಕದಿಂದ ಮುಕ್ತಿ!’ ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಹಿಂದೆಯೇ ‘ಲೇಸರ್ ಮಾಡಿಸಿದರೆ ಕಣ್ಣೇ ಹೋಗುತ್ತದೆ’ ಎಂಬ ಇನ್ನೊಂದು ಸಂದೇಶವೂ ಬರುತ್ತದೆ. ಎರಡೂ ಪೂರ್ತಿ ನಿಜವಲ್ಲ. ಏಕೆಂದು ನೋಡೋಣ.

ಲೇಸರ್ ಮಾಡುವುದೇನು?

ನಮ್ಮ ಕಣ್ಣಿನ ಮುಂಭಾಗದಲ್ಲಿ ವಾಚಿನ ಗಾಜಿನಂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅದರ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್. ಒಳಬರುವ ಬೆಳಕನ್ನು ಬಾಗಿಸುವ ಕೆಲಸದಲ್ಲಿ ದೊಡ್ಡ ಪಾಲು ಇದರದ್ದು. ಬೆಳಕು ರೆಟಿನಾದ ಮೇಲೆ ಸರಿಯಾಗಿ ಕೂಡದಿದ್ದರೆ ಮೈನಸ್, ಪ್ಲಸ್ ಅಥವಾ ಸಿಲಿಂಡರ್ ಪವರ್ ಬರುತ್ತದೆ.

ಲಾಸಿಕ್ ಚಿಕಿತ್ಸೆಯಲ್ಲಿ ಕಾರ್ನಿಯಾದ ಮೇಲಿನ ತೆಳು ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗಿನ ಭಾಗವನ್ನು ಎಕ್ಸೈಮರ್ ಲೇಸರ್‌ನಿಂದ ಸವೆಸಿ ಆಕಾರ ತಿದ್ದುತ್ತಾರೆ. ಈ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಜೀವಕೋಶಗಳ ಪದರವನ್ನು ತೆಗೆಯಬಲ್ಲದು. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಇದನ್ನು ಕಂಡುಕೊಂಡವರಲ್ಲಿ ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು.

‘ಜೀವನಪೂರ್ತಿ’ ಏಕಲ್ಲ?

ಕಣ್ಣಿನೊಳಗೆ ಇನ್ನೊಂದು ಮಸೂರವಿದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು. ನಲವತ್ತರ ಆಸುಪಾಸಿನಲ್ಲಿ ಅದು ಗಡುಸಾಗಿ, ಪೇಪರನ್ನು ದೂರ ಹಿಡಿದು ಓದುವಂತಾಗುತ್ತದೆ. ಇದೇ ಚಾಳೀಸು. ಲಾಸಿಕ್ ತಿದ್ದುವುದು ಕಾರ್ನಿಯಾವನ್ನು, ಈ ಮಸೂರವನ್ನಲ್ಲ. ಹಾಗಾಗಿ ಇಪ್ಪತ್ತೈದಕ್ಕೆ ಲೇಸರ್ ಮಾಡಿಸಿದವರಿಗೂ ಮುಂದೆ ಓದಲು ಕನ್ನಡಕ ಬೇಕಾಗಬಹುದು. ವಯಸ್ಸಾದ ಮೇಲೆ ಬರುವ ಪೊರೆಯನ್ನೂ ಇದು ತಡೆಯುವುದಿಲ್ಲ.

ಎಲ್ಲರಿಗೂ ಮಾಡಬಹುದೇ?

ಇಲ್ಲ. ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಕನ್ನಡಕದ ನಂಬರ್ ಕನಿಷ್ಠ ಒಂದು ವರ್ಷ ಬದಲಾಗದೆ ನಿಂತಿರಬೇಕು. ಕಾರ್ನಿಯಾ ತೀರಾ ತೆಳುವಾಗಿದ್ದರೆ, ಅಥವಾ ಅದು ಶಂಕುವಿನಂತೆ ಮುಂಚಾಚುವ ಕೆರಟೋಕೋನಸ್ ಇದ್ದರೆ ಲಾಸಿಕ್ ಮಾಡುವುದಿಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಕಾಯಬೇಕು. ಕಣ್ಣು ತೀರಾ ಒಣಗುವ ತೊಂದರೆ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ಕಣ್ಣೇ ಹೋಗುತ್ತದೆಯೇ?

ದೃಷ್ಟಿಯೇ ಹೋಗುವುದು ತೀರಾ ಅಪರೂಪ. ಆದರೆ ಕಣ್ಣು ಒಣಗುವುದು, ರಾತ್ರಿ ವಾಹನಗಳ ದೀಪದ ಸುತ್ತ ಪ್ರಭೆ ಕಾಣುವುದು ಸಾಮಾನ್ಯ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ.

ಇನ್ನೊಂದು ವಿಷಯವನ್ನು ಇಂಥ ಸಂದೇಶಗಳು ಹೇಳುವುದೇ ಇಲ್ಲ. ಮೈನಸ್ ಪವರ್ ಹೆಚ್ಚಿರುವವರ ಕಣ್ಣುಗುಡ್ಡೆ ಉದ್ದವಾಗಿದ್ದು, ರೆಟಿನಾ ಹರಿಯುವ ಅಪಾಯ ಹೆಚ್ಚಿರುತ್ತದೆ. ಲೇಸರ್ ಆಗಿ ಕನ್ನಡಕ ಹೋದರೂ ಗುಡ್ಡೆಯ ಉದ್ದ ಹಾಗೆಯೇ ಇರುತ್ತದೆ. ಅಂಥವರು ಆಮೇಲೂ ರೆಟಿನಾ ತಪಾಸಣೆ ಮಾಡಿಸುತ್ತಿರಬೇಕು. ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಿದರೆ ಅದೇ ದಿನ ಕಣ್ಣಿನ ವೈದ್ಯರಲ್ಲಿ ಹೋಗಬೇಕು.

ಹಾಗಾಗಿ ಲೇಸರ್‌ಗೆ ಹೊರಡುವ ಮೊದಲು ಆಫರ್ ಬೆಲೆಗಿಂತ ಮುಂಚೆ ಎರಡು ಪ್ರಶ್ನೆ ಕೇಳಿ: ನನ್ನ ಕಾರ್ನಿಯಾದ ದಪ್ಪ, ಆಕಾರ ಇದಕ್ಕೆ ಸರಿಯಿದೆಯೇ? ನನ್ನ ರೆಟಿನಾ ಹೇಗಿದೆ?