ದೊಡ್ಡ ಹೆಸರಿನ ಪದವಿಗೆ ಎಷ್ಟು ಸಾಲ?

ಕಳೆದ ವರ್ಷ ಮಳೆಗಾಲ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ಸಾಗರದ ನಮ್ಮ ಮನೆಗೆ ಬಂದಿದ್ದರು. ನಾನು ಸೇವೆಯಲ್ಲಿದ್ದಾಗಿನಿಂದ ಪರಿಚಯ. ಹುಡುಗಿ ಶಿವಮೊಗ್ಗದಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಒಳ್ಳೆಯ ಅಂಕ ಪಡೆದಾಕೆ. ಆಕೆಯ ಕೈಯಲ್ಲಿ ಎರಡು ಪ್ರವೇಶಪತ್ರಗಳಿದ್ದವು. ಎರಡೂ ಸಾರ್ವಜನಿಕ ನೀತಿ, ಅಂದರೆ ಪಬ್ಲಿಕ್ ಪಾಲಿಸಿ ವಿಷಯದ ಸ್ನಾತಕೋತ್ತರ ಪದವಿಗೆ ಸಂಬಂಧಿಸಿದವು. ಒಂದು, ಜಗತ್ತಿಗೆಲ್ಲ ಹೆಸರು ಗೊತ್ತಿರುವ ಬ್ರಿಟನ್ನಿನ ವಿಶ್ವವಿದ್ಯಾಲಯದ್ದು. ಒಂದು ವರ್ಷದ ಓದು, ಶುಲ್ಕ, ವಾಸ, ಪ್ರಯಾಣ ಎಲ್ಲ ಸೇರಿ 40 ಲಕ್ಷ ರೂಪಾಯಿ. ಇನ್ನೊಂದು ಬೆಂಗಳೂರಿನದು, ಎರಡು ವರ್ಷದ ಓದು, ಶುಲ್ಕದ ಒಂದು ಭಾಗ ಮನ್ನಾ ಆಗಿ ಉಳಿದ ಖರ್ಚು 6 ಲಕ್ಷದ ಆಸುಪಾಸು. ‘ಅಷ್ಟು ದೊಡ್ಡ ಹೆಸರು ಬಿಡೋದು ಹೇಗೆ ಅಂತಾಳೆ ಇವಳು. ಬ್ಯಾಂಕಿನವರು ಸಾಗರದ ಸೈಟಿನ ಪತ್ರ ಕೇಳ್ತಾರೆ. ನೀವೊಂದು ಮಾತು ಹೇಳಿ ಸರ್’ ಎಂದರು ತಂದೆ.

ಒಂದು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಲ್ಲಿ ಎಂಜಿನಿಯರಿಂಗ್, ವೈದ್ಯಕೀಯದ ಲೆಕ್ಕ ಎಲ್ಲರಿಗೂ ಬಾಯಿಪಾಠ. ಎಷ್ಟು ಖರ್ಚು, ಎಷ್ಟು ವರ್ಷ, ಆಮೇಲೆ ಎಂಥ ಸಂಬಳ ಎಂಬುದನ್ನು ಪಕ್ಕದ ಮನೆಯವರೂ ಹೇಳಿಯಾರು. ಸಾರ್ವಜನಿಕ ನೀತಿಯ ಪದವಿಗೆ ಅಂಥ ಸಿದ್ಧ ಲೆಕ್ಕವಿಲ್ಲ. ನಾನು ಎಂ.ಎ. ಮಾಡುತ್ತಿದ್ದ ಕಾಲಕ್ಕೆ ಇಂಥದೊಂದು ಕೋರ್ಸು ಇದೆಯೆಂಬುದೇ ನಮಗೆ ತಿಳಿದಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ ಸಾರ್ವಜನಿಕ ಆಡಳಿತಕ್ಕೆಂದೇ ಶಾಲೆ ತೆರೆದದ್ದು 1936ರಲ್ಲಾದರೂ ನಮ್ಮ ಬೆಂಗಳೂರಿನ ಐಐಎಂ ಸಾರ್ವಜನಿಕ ನೀತಿಯ ಕೋರ್ಸನ್ನು ಆರಂಭಿಸಿದ್ದು 2002ರಲ್ಲಿ. ಅದು ಮುಖ್ಯವಾಗಿ ಸೇವೆಯಲ್ಲಿರುವ ಅಧಿಕಾರಿಗಳನ್ನು ಉದ್ದೇಶಿಸಿದ್ದು. ಸರ್ಕಾರ ಕಳಿಸಿದವರ ಖರ್ಚು ಸರ್ಕಾರದ್ದೇ. ಸ್ವಂತ ಖರ್ಚಿನಲ್ಲಿ ಓದುವ ಎಳೆಯ ಪದವೀಧರರಿಗೆ ಬಾಗಿಲು ತೆರೆದದ್ದು ಅದರ ನಂತರ. 2010ರಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಲ್ಲಿ ಈ ಪದವಿ ಆರಂಭವಾಯಿತು. ಈಗ ಖಾಸಗಿ ವಿಶ್ವವಿದ್ಯಾಲಯಗಳೂ ಸಾಲುಗಟ್ಟಿ ನಿಂತಿವೆ.

ದೊಡ್ಡ ಹೆಸರಿಗೆ ಬೆಲೆ ಏಕೆ ಎಂಬುದನ್ನು ಅಡಿಕೆ ಬೆಳೆಗಾರರಿಗೆ ವಿವರಿಸುವುದು ಕಷ್ಟವಲ್ಲ. ಮಂಡಿಯಲ್ಲಿ ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯನ್ನು ವಿಂಗಡಿಸುತ್ತಾರೆ. ದೂರದ ಖರೀದಿದಾರ ಪ್ರತಿ ಚೀಲ ಬಿಚ್ಚಿ ಪ್ರತಿ ಅಡಿಕೆ ಕಚ್ಚಿ ನೋಡುವುದಿಲ್ಲ. ದರ್ಜೆಯ ಹೆಸರನ್ನು ನಂಬಿ ದರ ಹೇಳುತ್ತಾನೆ. ಉದ್ಯೋಗ ಮಾರುಕಟ್ಟೆಯಲ್ಲಿ ಪದವಿಯೂ ಹೀಗೆ ಕೆಲಸ ಮಾಡುತ್ತದೆಂದು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ವಾದಿಸಿದರು; ಮಾಹಿತಿಯ ಅರ್ಥಶಾಸ್ತ್ರದ ಈ ಬಗೆಯ ಕೆಲಸಕ್ಕಾಗಿ 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪಡೆದರು. ಅಭ್ಯರ್ಥಿಯ ಸಾಮರ್ಥ್ಯ ಕಣ್ಣಿಗೆ ಕಾಣದು. ಕಾಣುವುದು ಆಕೆ ದಾಟಿ ಬಂದ ಬಾಗಿಲು. ಆ ಬಾಗಿಲು ಕಿರಿದಾಗಿದ್ದಷ್ಟೂ ನಂಬಿಕೆ ಹೆಚ್ಚು. ಒಳಗೆ ಏನು ಕಲಿಸಿದರು ಎಂಬುದು ಎರಡನೆಯ ಮಾತು.

ಇಷ್ಟು ಹೇಳಿ, ಹೆಸರಿನ ಹಿಂದೆ ಹೋಗಬೇಡಿ, ಬೆಂಗಳೂರೇ ಸಾಕು ಎಂದುಬಿಡುವವನಿದ್ದೆ. ನನ್ನನ್ನು ತಡೆದದ್ದು ಒಂದು ಹಳೆಯ ಅಧ್ಯಯನದ ನೆನಪು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ್ದು ಅದು. ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಬಗೆಯ ಪ್ರವೇಶಾವಕಾಶ ಪಡೆದ ವಿದ್ಯಾರ್ಥಿಗಳನ್ನು ಅವರು ಹೋಲಿಸಿದರು. ಹೆಚ್ಚು ಆಯ್ದು ತೆಗೆದುಕೊಳ್ಳುವ ಕಾಲೇಜು ಸೇರಿದವರಿಗೂ, ಅವಕಾಶವಿದ್ದೂ ಅಷ್ಟು ಹೆಸರಿಲ್ಲದ ಕಾಲೇಜು ಸೇರಿದವರಿಗೂ ಮುಂದೆ ವರಮಾನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬುದ್ಧಿ, ಛಲ ಇದ್ದವರು ಎಲ್ಲಿ ಓದಿದರೂ ಮುಂದೆ ಬಂದಿದ್ದರು. ಆದರೆ ಬಡ ಕುಟುಂಬಗಳಿಂದ ಬಂದವರ ವಿಷಯದಲ್ಲಿ ಈ ಮಾತು ನಿಲ್ಲಲಿಲ್ಲ. ಅವರಿಗೆ ಕಾಲೇಜಿನ ಹೆಸರು ನಿಜವಾಗಿಯೂ ಪ್ರಯೋಜನ ತಂದಿತ್ತು. ಅದು ಅಮೆರಿಕದ ಪದವಿ ಕಾಲೇಜುಗಳ ಅಧ್ಯಯನ. ನಮ್ಮ ಸ್ನಾತಕೋತ್ತರ ಪದವಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಅದರ ಹಿಂದಿನ ಕಾರಣ ಊಹಿಸಬಹುದು. ದೆಹಲಿಯ ಅಧಿಕಾರಿಯ ಮಗನಿಗೆ ಪರಿಚಯಗಳು ಹುಟ್ಟಿನಿಂದಲೇ ಇರುತ್ತವೆ. ನಿಟ್ಟೂರಿನ ಕೃಷಿಕನ ಮಗಳಿಗೆ ಅದನ್ನು ಕಾಲೇಜೇ ಒದಗಿಸಬೇಕು. ಹೆಸರು ಯಾರಿಗೆ ಹೆಚ್ಚು ಬೇಕೋ ಅವರಲ್ಲಿಯೇ ಅದಕ್ಕೆ ಕೊಡುವ ಹಣವಿಲ್ಲ.

ಆದ್ದರಿಂದ ಲೆಕ್ಕಕ್ಕೆ ಕೂರುವುದು ಅನಿವಾರ್ಯವಾಯಿತು. ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ 40 ಲಕ್ಷ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 55 ಸಾವಿರ ರೂಪಾಯಿ. ಓದುವ ಅವಧಿಯಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಅದೇ ದರದಲ್ಲಿ 6 ಲಕ್ಷಕ್ಕೆ ಕಂತು 8 ಸಾವಿರದ ಚಿಲ್ಲರೆ. ಅಡಿಕೆಯ ಹಣ ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಸರಕು ಮಂಡಿಗೆ ಹೋದ ಮೇಲೆ ಬರುತ್ತದೆ. ಬ್ಯಾಂಕಿನ ಕಂತು ಪ್ರತಿ ತಿಂಗಳೂ ಬರುತ್ತದೆ. ಈಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿಯ ತೋಟಗಳಿಗೆ ಎಲೆಚುಕ್ಕಿ ರೋಗ ಹೊಕ್ಕಮೇಲೆ ವರ್ಷಕ್ಕೊಮ್ಮೆ ಬರುವ ಹಣವನ್ನೂ ನೆಚ್ಚಿಕೊಳ್ಳುವಂತಿಲ್ಲ. ಮಗಳಿಗೆ ಬ್ರಿಟನ್ನಿನಲ್ಲಿಯೇ ಕೆಲಸ ಸಿಕ್ಕರೆ ಎಂಬುದು ತಂದೆಯ ಆಸೆ. ಓದಿನ ನಂತರ ಅಲ್ಲಿ ಉಳಿದು ಕೆಲಸ ಹುಡುಕಲು 2021ರಲ್ಲಿ ಕೊಟ್ಟಿದ್ದ ಎರಡು ವರ್ಷದ ಅವಕಾಶವನ್ನು 2027ರಿಂದ 18 ತಿಂಗಳಿಗೆ ಇಳಿಸುವ ತೀರ್ಮಾನವನ್ನು ಬ್ರಿಟನ್ 2025ರಲ್ಲಿ ಪ್ರಕಟಿಸಿದೆ. ಆ ಆಸೆಯ ಮೇಲೆ ಸೈಟನ್ನು ಅಡವಿಡುವುದು ಜೂಜಿಗೆ ಹತ್ತಿರದ್ದು.

ಕೆಲಸದ ಸ್ವರೂಪವನ್ನೂ ನೋಡಬೇಕು. ಐಎಎಸ್, ಕೆಎಎಸ್ ಪರೀಕ್ಷೆಗೆ ಕೂರಲು ಯಾವುದಾದರೂ ಪದವಿ ಸಾಕು. ಉತ್ತರಪತ್ರಿಕೆ ತಿದ್ದುವವರಿಗೆ ಅಭ್ಯರ್ಥಿ ಓದಿದ ವಿಶ್ವವಿದ್ಯಾಲಯ ಯಾವುದೆಂದು ತಿಳಿಯುವುದೂ ಇಲ್ಲ. ಸಾರ್ವಜನಿಕ ನೀತಿಯ ಪದವಿಗೆ ಬೆಲೆ ಕೊಡುವವರು ಸಂಶೋಧನಾ ಸಂಸ್ಥೆಗಳು, ಪ್ರತಿಷ್ಠಾನಗಳು, ಸ್ವಯಂಸೇವಾ ಸಂಸ್ಥೆಗಳು, ಸರ್ಕಾರಗಳಿಗೆ ಸಲಹೆ ಮಾರುವ ದೊಡ್ಡ ಕಂಪನಿಗಳು. ಇವುಗಳಲ್ಲಿ 55 ಸಾವಿರ ಕಂತು ಕಟ್ಟಿ ಮೇಲೆ ಬದುಕುವಷ್ಟು ಸಂಬಳ ಕೊಡುವವರು ಕೊನೆಯವರೇ. ಅಂದರೆ ಸಾಲದ ಪತ್ರಕ್ಕೆ ಸಹಿ ಹಾಕಿದ ದಿನವೇ ಮುಂದಿನ ಹತ್ತು ವರ್ಷದ ಉದ್ಯೋಗದ ಆಯ್ಕೆಗೂ ಸಹಿ ಬಿದ್ದಂತಾಯಿತು. ಎಂಜಿನಿಯರಿಗೆ ಇದರಿಂದ ನಷ್ಟವಿಲ್ಲದಿರಬಹುದು. ಆತ ಹೋಗಬೇಕೆಂದಿದ್ದ ಜಾಗವೇ ಅದು. ‘ನಮ್ಮ ಕಡೆಯ ಜನರಿಗೆ ಏನಾದರೂ ಮಾಡಬೇಕು’ ಎಂದು ಈ ವಿಷಯ ಆರಿಸಿಕೊಂಡ ಹುಡುಗಿಗೆ ಜಿಲ್ಲಾ ಪಂಚಾಯಿತಿಯ ಜೊತೆಗೋ ಸಣ್ಣ ಸಂಸ್ಥೆಯೊಂದರಲ್ಲೋ ಕೆಲಸ ಮಾಡುವ ಸ್ವಾತಂತ್ರ್ಯವೇ ಹೋದರೆ ಓದಿದ್ದು ಯಾವುದಕ್ಕೆ?

ನಮ್ಮ ಕಡೆಯ ಜನರು ಎಂಬ ಆಕೆಯ ಮಾತಿಗೆ ಇಲ್ಲಿ ದೊಡ್ಡ ಅರ್ಥವಿದೆ. ಸರ್ಕಾರದ ನೀತಿ ಮನುಷ್ಯರಿಗೆ ಏನು ಮಾಡುತ್ತದೆಂಬುದನ್ನು ಕಲಿಯಲು ಈ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಪಾಠಶಾಲೆ ಸಿಗಲಿಕ್ಕಿಲ್ಲ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ ಎದ್ದ ಕಾಗೋಡು ಸತ್ಯಾಗ್ರಹ 1951ರಲ್ಲಿ ರಾಮಮನೋಹರ ಲೋಹಿಯಾ ಅವರನ್ನೂ ಸಾಗರಕ್ಕೆ ಕರೆತಂದಿತು. ತೀರ್ಥಹಳ್ಳಿಯ ಆರಗದವರಾದ ಶಾಂತವೇರಿ ಗೋಪಾಲಗೌಡರು ಮರುವರ್ಷವೇ ಶಾಸನಸಭೆ ಪ್ರವೇಶಿಸಿ ಗೇಣಿದಾರರ ದನಿಯಾದರು. ಉಳುವವನಿಗೆ ನೆಲ ಕೊಡುವ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಈ ನಡುವೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರದ ಊರುಗಳು ಶರಾವತಿಯಲ್ಲಿ ಮುಳುಗಿದವು. ನಾಡಿಗೆ ಬೆಳಕಾಯಿತು. ಹಿನ್ನೀರಿನಾಚೆಯ ತುಮರಿಯವರು ಲಾಂಚಿಗಾಗಿ ಕಾದು ನಿಲ್ಲುವುದು ತಪ್ಪಿ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ.

ಮುಳುಗಡೆಯವರನ್ನು ಕರೆದೊಯ್ದು ಕೂರಿಸಿದ ನೆಲದ ಬಹುಭಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಮನೆಯಿದೆ, ತೋಟವಿದೆ, ಪಹಣಿಯಲ್ಲಿ ಹೆಸರಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ, ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್‌ಗೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕೆಂದಿತು. ಸರ್ಕಾರವೇ ನಾಲ್ಕು ದಶಕಗಳ ಹಿಂದೆ ತಂದು ಬಿಟ್ಟವರು 75 ವರ್ಷವನ್ನು ಎಲ್ಲಿಂದ ತಂದಾರು? ಆ ಕರಡು ಸಿದ್ಧವಾಗುತ್ತಿದ್ದ ಮೇಜಿನ ಬಳಿ ಹಿನ್ನೀರಿನ ಒಂದು ಮನೆಯ ಹುಡುಗ ಕುಳಿತಿದ್ದರೆ ಇಂಥವರಿಗಾಗಿ ಒಂದು ಸಾಲು ಸೇರಿಸಿ ಎಂದು ಕೇಳುತ್ತಿದ್ದ ಎಂದೇ ನನ್ನ ನಂಬಿಕೆ. ಮೂರು ದಶಕ ಕಡತ ನೋಡಿದವನಾಗಿ ಹೇಳುವುದಾದರೆ, ಕಡತದಲ್ಲಿ ಬಿಟ್ಟುಹೋಗುವುದು ಬಹುಮಟ್ಟಿಗೆ ಕೊಠಡಿಯಲ್ಲಿ ಇಲ್ಲದವರ ವಿಷಯ.

ದೊಡ್ಡ ಹೆಸರಿನ ಪದವಿ ಆ ಕೊಠಡಿಗೆ ದಾರಿ ಮಾಡಿಕೊಡುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಹಣದ ಏರ್ಪಾಡು ಹೇಗಿದೆ ನೋಡಿ. ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ನಿಯಮದ ಪ್ರಕಾರ 4 ಲಕ್ಷದವರೆಗೆ ಆಧಾರ ಬೇಕಿಲ್ಲ. ಏಳೂವರೆ ಲಕ್ಷ ದಾಟಿದರೆ ಆಸ್ತಿಯನ್ನೇ ಆಧಾರವಾಗಿ ತೋರಿಸಬೇಕು. ಬ್ಯಾಂಕುಗಳಿಗೆ ನೇರ ವಸೂಲಾತಿಯ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲವಾದ್ದರಿಂದ ಅವು ಪೇಟೆಯ ಮನೆ, ನಿವೇಶನಗಳನ್ನು ಬಯಸುತ್ತವೆ. ಕೇಂದ್ರ ಸರ್ಕಾರ 2024ರಲ್ಲಿ ಪ್ರಕಟಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಧಾರವಿಲ್ಲದ ಸಾಲ ಕೊಡಿಸುತ್ತದೆ. ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗಷ್ಟೇ. ನನ್ನ ಬಳಿ ಬಂದ ಕುಟುಂಬಕ್ಕೆ ಸಾಗರದಲ್ಲಿ ಒಂದು ನಿವೇಶನವಾದರೂ ಇತ್ತು. ಬಗರ್‌ಹುಕುಂ ಜಮೀನಿಗೆ ನಮೂನೆ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರಿಗೆ, ಮುಳುಗಡೆಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವವರಿಗೆ ಅಡವಿಡಲು ಏನೂ ಇಲ್ಲ. ನೀತಿಯ ತಪ್ಪನ್ನು ಮೈಮೇಲೆ ಅನುಭವಿಸಿದ ಮನೆಯ ಮಕ್ಕಳೇ ನೀತಿಯ ಓದಿಗೆ ಸಾಲ ಹುಟ್ಟದವರು.

ಹೆಸರೂ ಬೇಕು, ಸಾಲವೂ ಬೇಡ ಎನ್ನುವುದು ಅತಿಯಾಸೆಯೇನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ 1960ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋದದ್ದು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ. ಅದಕ್ಕೆ ಮೊದಲು ಅವರು ಇಲ್ಲಿ ಅಧ್ಯಾಪಕರಾಗಿ ಕೆಲಸ ಮಾಡಿದ್ದರು. ಆ ವಿದ್ಯಾರ್ಥಿವೇತನ ಈಗಲೂ ಇದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಓದಿನ ಪೂರ್ಣ ಖರ್ಚು ಕೊಡುತ್ತದೆ, ಆದರೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಕುಟುಂಬದ ವರಮಾನ ನೋಡಿ ಶುಲ್ಕ ಮನ್ನಾ ಮಾಡುವ ಪದ್ಧತಿಯಿದೆ. ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್‌ನಲ್ಲಿ ಎಳೆಯ ಪದವೀಧರರು ಸಂಸದರೊಬ್ಬರ ಜೊತೆ ಸುಮಾರು 11 ತಿಂಗಳು ಕೆಲಸ ಮಾಡಿ, ಈ ವಿಷಯ ತಮಗೆ ಒಗ್ಗುತ್ತದೆಯೇ ಎಂದು ಖರ್ಚಿಲ್ಲದೆ ನೋಡಬಹುದು. ನಮ್ಮ ಕಡೆಯವರ ಕೊರತೆ ಒಂದೇ: ಕೇಳುವುದಕ್ಕೆ ಸಂಕೋಚ. ಮನ್ನಾ ಸಿಕ್ಕಿದ್ದು ಸಾಲದು, ಇನ್ನಷ್ಟು ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಪತ್ರ ಬರೆಯಬಹುದು ಎಂದಾಗ ತಂದೆ, ‘ಹಾಗೆಲ್ಲ ಕೇಳಿದ್ರೆ ಸೀಟೇ ತೆಗೀತಾರೇನೊ ಸರ್’ ಎಂದು ಗಾಬರಿಯಾದರು.

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಾವಿರಗಳ ಲೆಕ್ಕದ ಶುಲ್ಕದಲ್ಲಿ ಅರ್ಥಶಾಸ್ತ್ರ ಓದುವುದೂ ಒಂದು ದಾರಿಯೇ. ಅಂಕಿಅಂಶಗಳಲ್ಲಿ ಗಟ್ಟಿಯಾದವರನ್ನು ಸಂಶೋಧನಾ ಸಂಸ್ಥೆಗಳು ಪದವಿಯ ಹೆಸರು ನೋಡದೆ ತೆಗೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಊರು ಸಣ್ಣದಾದರೆ ಹೆಸರೂ ಸಣ್ಣದೇ ಆಗಬೇಕೆಂಬ ನಿಯಮವೇನಿಲ್ಲ. ನೀನಾಸಮ್ 1980ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾಗ ಅದರ ಹೆಸರಿಗೆ ಯಾವ ಬೆಲೆಯೂ ಇರಲಿಲ್ಲ. ವಿಶ್ವವಿದ್ಯಾಲಯವೊಂದಕ್ಕೆ ಅದು ಸುಲಭವೆಂದು ನಾನು ಹೇಳುತ್ತಿಲ್ಲ. ಶಂಕರಘಟ್ಟದವರು ಹಿನ್ನೀರಿನ, ಗೇಣಿಯ, ಕಾಡಿನ ಈ ಪಾಠಗಳನ್ನು ಸೇರಿಸಿ ಒಂದು ಗಟ್ಟಿ ಕೋರ್ಸು ಕಟ್ಟಬಾರದೇಕೆ ಎಂದಷ್ಟೇ ನನ್ನ ಪ್ರಶ್ನೆ.

ಆ ದಿನ ನಾನು ಹುಡುಗಿಗೆ ಹೇಳಿದ್ದು ಇಷ್ಟು: ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಕಣ್ಣುಮುಚ್ಚಿ ಬ್ರಿಟನ್ನಿಗೆ ಹೋಗು. ಸಾಲ ಮಾಡುವುದಾದರೆ, ನೀನು ಮಾಡಬೇಕೆಂದಿರುವ ಕೆಲಸದ ಸಂಬಳದಲ್ಲಿ ತೀರಿಸಬಹುದಾದಷ್ಟೇ ಮಾಡು; ತಂದೆಯ ತೋಟವನ್ನು ಆ ಲೆಕ್ಕಕ್ಕೆ ಹಿಡಿಯಬೇಡ. ಆಕೆಗೆ ನನ್ನ ಮಾತು ರುಚಿಸಲಿಲ್ಲವೆಂಬುದು ಮುಖದಲ್ಲಿಯೇ ಕಂಡಿತು. ‘ಆ ಹೆಸರು ಇನ್ನೊಂದು ಸಲ ಸಿಗದಿದ್ದರೆ ಸರ್?’ ಎಂದಳು. ಸಿಗದೆಯೂ ಇರಬಹುದು ಎಂದೆ. ಅದಕ್ಕಿಂತ ಹೆಚ್ಚಿನ ಭರವಸೆ ಕೊಡಲು ನನ್ನಲ್ಲಿ ಆಧಾರವಿರಲಿಲ್ಲ.

ಜುಲೈ ಕೊನೆಯಲ್ಲಿ ತಂದೆ ದೂರವಾಣಿ ಮಾಡಿದರು. ತೋಟಕ್ಕೆ ಎರಡನೆಯ ಬೋರ್ಡೊ ಸಿಂಪಡಣೆಗೆ ಮಳೆ ಬಿಡುವು ಕೊಡುತ್ತಿಲ್ಲವೆಂಬ ಮಾತಾದ ಮೇಲೆ ವಿಷಯಕ್ಕೆ ಬಂದರು. ಪತ್ರ ಬರೆದದ್ದಕ್ಕೆ ಬೆಂಗಳೂರಿನವರು ಇನ್ನೂ ಸ್ವಲ್ಪ ಶುಲ್ಕ ಬಿಟ್ಟಿದ್ದಾರೆ, ಮಗಳು ಅಲ್ಲಿಗೇ ಸೇರಿದ್ದಾಳೆ ಎಂದರು. ಬ್ರಿಟನ್ನಿನ ಪತ್ರವನ್ನು ಮಾತ್ರ ಎಸೆಯಲು ಆಕೆ ಬಿಡಲಿಲ್ಲವಂತೆ. ಸೈಟಿನ ಕಾಗದಪತ್ರದ ಜೊತೆಗೆ ಅದೇ ಕೈಚೀಲದಲ್ಲಿ ಇಟ್ಟಿದ್ದಾರೆ.