ನಮ್ಮ ಅಡ್ಡಹೆಸರುಗಳ ಅರ್ಥ

ಹಾಜರಿ ಪಟದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಮೊದಲಾದ ಅಡ್ಡಹೆಸರುಗಳನ್ನು ಓದಿದಾಗ ಕೆಲವು ಬಾಲಿಕೆಯರು ನಗುವದೂ, ಆ ಹೆಸರುಳ್ಳವಳು ತಲೆ ತಗ್ಗಿಸುವದೂ ಉಂಟು. ಹೆಸರಿನ ಮೂಲವನ್ನರಿತರೆ ನಗುವದಕ್ಕಾಗಲಿ ನಾಚುವದಕ್ಕಾಗಲಿ ಕಾರಣವಿಲ್ಲವೆಂಬದು ತಿಳಿಯುವದು.

ನಮ್ಮ ಸೀಮೆಯ ಅಡ್ಡಹೆಸರುಗಳು ಮುಖ್ಯವಾಗಿ ನಾಲ್ಕು ಬಗೆಯವು. ದೇಸಾಯಿ, ಪಾಟೀಲ, ಕುಲಕರ್ಣಿ, ತಳವಾರ ಎಂಬವು ಅಧಿಕಾರದಿಂದ ಬಂದವು. ಬಡಿಗೇರ, ಕಮ್ಮಾರ, ಹೂಗಾರ ಎಂಬವು ಕಸುಬಿನಿಂದ ಹುಟ್ಟಿದವು. ಬೆಲ್ಲದ, ಹತ್ತಿ, ಮೆಣಸಿನಕಾಯಿ ಎಂಬವು ಸಾಮಾನ್ಯವಾಗಿ ಮನೆಯವರು ಬೆಳೆದ ಇಲ್ಲವೆ ಮಾರಿದ ಪದಾರ್ಥವನ್ನು ಸೂಚಿಸುವದರಿಂದ ಇವೂ ಅದೇ ಬಗೆಗೆ ಸೇರುವವು. ಬಸಪ್ಪನವರ, ರಾಮಪ್ಪನವರ ಎಂಬವು ಹಿರಿಯನೊಬ್ಬನ ಹೆಸರನ್ನು ಉಳಿಸಿಕೊಂಡಿವೆ. ಕೊನೆಯವು ಊರ ಹೆಸರುಗಳು.

ಬೆಲ್ಲದ, ಬಸಪ್ಪನವರ ಎಂಬ ರೂಪಗಳು ಷಷ್ಠೀ ವಿಭಕ್ತಿಯವು. ಮುಂದಿನ 'ಮನೆ' ಎಂಬ ಶಬ್ದವು ಲೋಪವಾಗಿದೆಯೆಂದು ಭಾವಿಸಿದರೆ ಅರ್ಥವು ತಾನೇ ಸ್ಪಷ್ಟವಾಗುವದು. ಇಂಗ್ಲಂಡದ ಪಶ್ಚಿಮಕ್ಕಿರುವ ವೇಲ್ಸ್ ದೇಶದಲ್ಲಿಯೂ ಇಂಥದೇ ರೂಢಿಯಿತ್ತು. ಅಲ್ಲಿಯ ಭಾಷೆಯಲ್ಲಿ 'ಆಪ್' ಎಂದರೆ ಮಗ. ಹವೆಲ್ ಎಂಬವನ ಮಗನು 'ಆಪ್ ಹವೆಲ್'. ಅದೇ ಸವೆದು 'ಪೊವೆಲ್' ಆಯಿತು. 'ಆಪ್ ರೀಸ್' ಎಂಬದು 'ಪ್ರೈಸ್' ಆಯಿತು. ಮೊದಲು ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಈ ಹೆಸರುಗಳು, 1536ರಲ್ಲಿ ಆ ದೇಶವು ಇಂಗ್ಲಂಡದ ಕಾಯಿದೆಗೆ ಒಳಪಟ್ಟ ಮೇಲೆ, ಕ್ರಮೇಣ ಮನೆತನಕ್ಕೆ ಸ್ಥಿರವಾದವು. ಅವರು ತಂದೆಯ ಗುರುತನ್ನು ಹೆಸರಿನ ಹಿಂದೆ ಇಟ್ಟರು, ನಾವು ಮುಂದೆ ಇಟ್ಟೆವು; ಅಷ್ಟೇ ಭೇದ.

ಊರ ಹೆಸರುಗಳಲ್ಲಿ ಒಂದು ವಿಶೇಷವುಂಟು. ಬಾಯಿಮಾತಿನಲ್ಲಿ ಮನೋಳಿಯೆನಿಸುವ, ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ನೆರೆಯವನನ್ನು 'ಮುನವಳ್ಳಿ' ಎಂದು ಕರೆದರೆ ಗುರುತು ಹತ್ತೀತೇ? ಅಲ್ಲಿ ಎಲ್ಲರೂ ಮುನವಳ್ಳಿಯವರೇ. ಊರು ಬಿಟ್ಟು ಬೇರೆ ಕಡೆಗೆ ಹೋದವನಿಗೇ ಊರ ಹೆಸರು ಅಂಟುವದು. ಆದಕಾರಣ ಅದು ವಲಸೆಯ ದಾಖಲೆಯಾಗಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರು ಹಿರಿಯರ ಊರಾದ ಹಾನಗಲ್ಲಿನ ಹೆಸರನ್ನು ಧರಿಸಿದರು. ವಿವಾಹವಾದ ಮೇಲೂ ಪತಿಯ ಮನೆತನದ ಕೌಲಗಿಯೆಂಬ ಹೆಸರಿನಿಂದಲ್ಲ, ಹಾನಗಲ್ಲೆಂಬ ಹೆಸರಿನಿಂದಲೇ ಸಂಗೀತಲೋಕದಲ್ಲಿ ಕೀರ್ತಿ ಪಡೆದರು.

ಬಾಲಿಕೆಯರೇ, ಅಡ್ಡಹೆಸರು ನಾವು ಆರಿಸಿಕೊಂಡದ್ದಲ್ಲ. ನೆರೆಯವರು ಗುರುತಿಗಾಗಿ ಇಟ್ಟದ್ದು. ಅದು ಹಿರಿಯರ ದುಡಿಮೆಯನ್ನು ಹೇಳೀತು, ನಡೆದ ದಾರಿಯನ್ನು ಹೇಳೀತು; ನಿಮ್ಮ ಯೋಗ್ಯತೆಯನ್ನು ಹೇಳಲಾರದು. ನಿಮ್ಮ ಹೆಸರು ಹೇಗೆ ಬಂತೆಂದು ಮನೆಯ ಅಜ್ಜಿಯನ್ನು ಕೇಳಿ ಬರೆದಿಡಿರಿ. ಅವಳ ನೆನಪಿನಲ್ಲಿರುವದು ಯಾವ ಪುಸ್ತಕದಲ್ಲಿಯೂ ಸಿಕ್ಕದು.